ಹದಿಮೂರು ದಿನದ ಪೊಲೀಸ್ ಠಾಣೆ

ಹೊರೇಸ್ ಪಡಿಫುಟ್ ಪೊಲೀಸ್ ಆಗಬೇಕೆಂದೇ ಹುಟ್ಟಿದವನು. ಆದರೆ ಒಂದೂವರೆ ಅಂಗುಲ ಕಡಿಮೆ ಹುಟ್ಟಿಬಿಟ್ಟ. ಇಪ್ಪತ್ತನೇ ವಯಸ್ಸಿನಲ್ಲಿ ಅವನನ್ನು ಗೋಡೆಗೆ ಆನಿಸಿ ಅಳೆದರು, ಸಾಲದು ಎಂದರು. ಮಾರನೇ ವರ್ಷ ಕಾಲುಚೀಲದೊಳಗೆ ದಿನಪತ್ರಿಕೆ ಮಡಚಿಟ್ಟುಕೊಂಡು ಹೋದ. ಅವರು ಕಾಲುಚೀಲ ಬಿಚ್ಚಿಸಿ ಅಳೆದರು. ಆ ಮೇಲೆ ಛತ್ರಿ ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಸೇರಿ, ಇಂಗ್ಲೆಂಡಿನ ಮಳೆಯನ್ನು ನಂಬಿಕೊಂಡು ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ.

ನಡುವೆ ಯುದ್ಧ ಬಂದು ಅವನನ್ನು ಸ್ವಲ್ಪ ಕಾಲ ಉದ್ಧಾರ ಮಾಡಿತ್ತು. ಬಾಂಬು ಬೀಳುವ ದಿನಗಳಲ್ಲಿ ನಮ್ಮ ಪಿಪಿನ್ ಬೀದಿಯ ಕಾವಲು ಅವನದು. ತಲೆಗೆ ಉಕ್ಕಿನ ಟೋಪಿ, ಕೊರಳಲ್ಲಿ ಸೀಟಿ, ಯಾರ ಮನೆಯ ಕಿಟಕಿಗಾದರೂ "ದೀಪ ಆರಿಸ್ರೀ!" ಎಂದು ಗದರುವ ಹಕ್ಕು. ಐದು ವರ್ಷ ಬೀದಿ ಅವನ ಮಾತು ಕೇಳಿತು. ಯುದ್ಧ ಮುಗಿದ ದಿನ ಇಡೀ ಲಂಡನ್ ಕುಣಿಯಿತು, ಹೊರೇಸನೂ ಕುಣಿದ. ಮಾರನೇ ಬೆಳಿಗ್ಗೆ ಹಾಲಿನವನಿಗೆ ಗಾಡಿ ಪಕ್ಕಕ್ಕೆ ನಿಲ್ಲಿಸು ಎಂದ. ಹಾಲಿನವನು "ಹೋಗಯ್ಯಾ, ನಿನ್ನ ಯುದ್ಧ ಮುಗೀತು" ಎಂದ. ಇದನ್ನು ನಾನು ಕಣ್ಣಾರೆ ನೋಡಿದೆ. ನನ್ನ ಹೆಸರು ಪೆಕ್. ಹೊರೇಸನ ಹದಿನಾಲ್ಕನೇ ನಂಬರಿನ ಮನೆಗೆ ನೇರ ಎದುರಿಗೆ ನನ್ನ ಹೊಗೆಸೊಪ್ಪು, ಪತ್ರಿಕೆಗಳ ಅಂಗಡಿ. ಅಲ್ಲಿ ಕುಳಿತರೆ ಬೀದಿಯ ಸಕಲವೂ ಕಾಣುತ್ತದೆ. ಅದು ಅಂಗಡಿಯ ತಪ್ಪು, ನನ್ನದಲ್ಲ.

ನಲವತ್ತೊಂಬತ್ತರ ಜುಲೈಯಲ್ಲಿ ಸಿನಿಮಾದವರು ಬಂದರು. ಬೇಸಿಗೆಯಲ್ಲೂ ಕುತ್ತಿಗೆಗೆ ಉಣ್ಣೆಯ ವಸ್ತ್ರ ಸುತ್ತಿಕೊಂಡಿದ್ದ ಫೆನಿಮೋರ್ ಎಂಬ ಹುಡುಗ ಬೀದಿಯುದ್ದಕ್ಕೂ ಓಡಾಡಿ ಹದಿನಾಲ್ಕರ ಬಾಗಿಲು ತಟ್ಟಿದ. ಹೊರೇಸನ ಹೆಂಡತಿ ಮೇಬಲ್ ಬಾಗಿಲು ತೆಗೆದಳು.

"ಮೇಡಂ, ಮುಖ ಅಂದ್ರೆ ಇದು! ಇಂಥ ಮುಖಕ್ಕೋಸ್ಕರ ಲಂಡನ್ನೆಲ್ಲಾ ಹುಡುಕಿದ್ವಿ," ಎಂದ.

"ನಂದೋ, ಮನೇದೋ?"

"ಮನೇದು."

"ಹಂಗಾದ್ರೆ ನನ್ನ ಗಂಡನ್ನ ಕೇಳಿ," ಎಂದು ಮೇಬಲ್ ಒಳಗೆ ಹೋದಳು.

ಅವರು ತೆಗೆಯುತ್ತಿದ್ದುದು ಹಾಸ್ಯಚಿತ್ರ. ಪೊಲೀಸರಿಂದ ತಪ್ಪಿಸಿಕೊಂಡ ಕಳ್ಳನೊಬ್ಬ ಅವಸರದಲ್ಲಿ ಪೊಲೀಸ್ ಠಾಣೆಯನ್ನೇ ವಸತಿಗೃಹವೆಂದು ತಿಳಿದು ಬಾಡಿಗೆಗೆ ಕೋಣೆ ಕೇಳುವ ಕಥೆ. ನಿಜವಾದ ಠಾಣೆ ಇದ್ದದ್ದು ಬಸ್ಸು ಓಡಾಡುವ ಹೆದ್ದಾರಿಯಲ್ಲಿ. ಅಲ್ಲಿ ಕ್ಯಾಮೆರಾ ನಿಲ್ಲಿಸಲು ಜಾಗವಿಲ್ಲ. ಆದ್ದರಿಂದ ಹೊರೇಸನ ಮನೆಯ ಮುಂಭಾಗಕ್ಕೆ ಸುಳ್ಳು ಠಾಣೆಯನ್ನು ಕಟ್ಟಬೇಕು.

"ಏನು ಕಟ್ಟಬೇಕು ಅಂದ್ರಿ?" ಎಂದು ಹೊರೇಸ್ ಎರಡು ಸಲ ಕೇಳಿದ. ಎರಡನೇ ಸಲ ಕೇಳುವಾಗ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

ಬುಧವಾರ ಬೆಳಿಗ್ಗೆ ಕಟ್ಟಿದರು. ಪ್ಲೈವುಡ್ಡಿಗೆ ಕಲ್ಲಿನ ಬಣ್ಣ, ಎರಡು ಮೆಟ್ಟಿಲು, ಬಾಗಿಲ ಮೇಲೆ ನೀಲಿ ಗಾಜಿನ ದೀಪ, ದೊಡ್ಡಕ್ಷರದ ಬೋರ್ಡು. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಮಧ್ಯಾಹ್ನ ಅಂಗಡಿಯಿಂದ ಹೊರಬಂದ ನಾನು ಅದನ್ನು ನೋಡಿ ಮಾಡದ ತಪ್ಪಿಗೆ ಟೋಪಿ ತೆಗೆದೆ. ಅರ್ಧ ದಿನ ಚಿತ್ರೀಕರಣ ನಡೆಯಿತು. ಆಮೇಲೆ ಇಂಗ್ಲಿಷ್ ಬೇಸಿಗೆ ತನ್ನ ನಿಜಗುಣ ತೋರಿಸಿತು. ಮಳೆ ಹಿಡಿಯಿತು. "ಬಿಸಿಲು ಬಂದಾಗ ಬರ್ತೀವಿ, ಏನನ್ನೂ ಮುಟ್ಟಬೇಡಿ" ಎಂದು ಹೇಳಿ ಸಿನಿಮಾದವರು ಜಾಗ ಖಾಲಿ ಮಾಡಿದರು. ಪಿಪಿನ್ ಬೀದಿಯಲ್ಲಿ ಉಳಿದದ್ದು ಮಳೆ, ಠಾಣೆ ಮತ್ತು ಹೊರೇಸ್.

ಗುರುವಾರ ಬೆಳಿಗ್ಗೆ ಒಬ್ಬ ಮುದುಕ ಆ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ. ಬಸ್ಸಿನ ಸೀಟಿನಲ್ಲಿ ಯಾರದೋ ಕಟ್ಟುಹಲ್ಲು ಸಿಕ್ಕಿದೆ, ಪೊಲೀಸರಿಗೆ ಒಪ್ಪಿಸಬೇಕು ಎಂದ. "ಇದು ಠಾಣೆಯಲ್ಲ, ಸಿನಿಮಾದ ಹಲಗೆ" ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೊರೇಸ್ ತಲೆಯೆತ್ತಿ ನೀಲಿ ದೀಪವನ್ನು ನೋಡಿದ. ಬೆನ್ನು ನೆಟ್ಟಗೆ ಮಾಡಿದ.

"ಮೇಲಿನ ಸಾಲೋ, ಕೆಳಗಿನ ಸಾಲೋ?" ಎಂದು ಕೇಳಿದ.

ಮನುಷ್ಯ ಹಾಳಾಗಲು ದೊಡ್ಡ ಪಾಪವೇನೂ ಬೇಕಾಗಿಲ್ಲ, ಇಂಥದೊಂದು ಪ್ರಶ್ನೆ ಸಾಕು. ಶುಕ್ರವಾರ ಒಂದು ಅನಾಥ ನಾಯಿ ಬಂತು. ಶನಿವಾರ ಒಬ್ಬ ಕುಡುಕ ತಾನಾಗಿಯೇ ಬಂದು ಶರಣಾದ. ಅವನನ್ನು ಸೋಫಾದ ಮೇಲೆ ಬಂಧನದಲ್ಲಿಡಲಾಯಿತು. ಇವರೆಲ್ಲ ಹೊರಗಿನವರು, ತಿಳಿಯದೆ ಬಂದವರು. ಆದರೆ ಶನಿವಾರ ಮಧ್ಯಾಹ್ನ ನಮ್ಮ ಬೀದಿಯವಳೇ ಆದ ಮಿಸೆಸ್ ಟ್ರಸ್ಲರ್, ಟೋಪಿ ಹಾಕಿಕೊಂಡು, ಕೈಗವಸು ತೊಟ್ಟುಕೊಂಡು ಠಾಣೆಯ ಮೆಟ್ಟಿಲು ಹತ್ತಿದಳು. ದೂರು ನನ್ನ ಮೇಲೆ. ನಾನು ಅಂಗಡಿಯ ಕಿಟಕಿಯಿಂದ ಅವಳ ಒಗೆದ ಬಟ್ಟೆಗಳನ್ನು ದುರುಗುಟ್ಟಿ ನೋಡುತ್ತೇನಂತೆ.

ನಾನು ಅವಳನ್ನು ಬೀದಿಯಲ್ಲೇ ಅಡ್ಡಗಟ್ಟಿದೆ. "ಅಲ್ಲ ಕಣಮ್ಮ, ಅದು ಹೊರೇಸ್ ಮನೆ ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತು. ನಿಜವಾದ ಠಾಣೇಲಿ ಕೂತ್ಕೊಳ್ಳಿ ಅಂತ ಯಾರು ಹೇಳ್ತಾರೆ? ಇಲ್ಲಿ ಕುರ್ಚಿ ಕೊಟ್ಟು, ಟೀ ಕೊಟ್ಟು, ಪೂರ್ತಿ ಕೇಳ್ತಾರೆ. ಇಪ್ಪತ್ತು ವರ್ಷದಿಂದ ನನ್ನ ಗಂಡಾನೂ ಪೂರ್ತಿ ಕೇಳಿಲ್ಲ."

ಮಾತು ಸರಿಯೆನಿಸಿತು. ನಾನೂ ಹೋಗಿ, ಅವಳು ಬಟ್ಟೆ ಒಣಹಾಕುವ ರೀತಿಯೇ ಸರಿಯಿಲ್ಲವೆಂದು ಪ್ರತಿದೂರು ಕೊಟ್ಟೆ. ಒಳ್ಳೆಯ ಟೀ.

ಆ ರಾತ್ರಿ ಊಟದ ಮೇಜಿನ ಮುಂದೆ ಮೇಬಲ್ ಗುಡುಗಿದಳಂತೆ. "ಹೊರೇಸ್, ಮೂರೇ ದಿನದಲ್ಲಿ ಎರಡು ವಾರದ ಟೀ ರೇಷನ್ ಖಾಲಿ. ನಿನ್ನ ಅಪರಾಧಿಗಳಿಗೆ ಸಕ್ಕರೆ ಬೇರೆ ಬೇಕಂತೆ! ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ನೀನೇ."

"ಕಾನೂನು ಸುವ್ಯವಸ್ಥೆ ಅಂದ್ಮೇಲೆ ಖರ್ಚು ಇರುತ್ತೆ, ಮೇಬಲ್."

ಸೋಮವಾರ ಮಿಸೆಸ್ ಕಾಪಿಂಗ್ ಬಂದಳು. ಸುಮಾರು ಐವತ್ತರ ಹೆಂಗಸು, ನೆನೆದ ಕಪ್ಪು ಟೋಪಿ, ಎದೆಗೆ ಅವುಚಿಕೊಂಡ ಕೈಚೀಲ. ಹಳೆಯ ಮನೆ ಬಾಂಬಿಗೆ ಹೋಗಿತ್ತು. ಸರ್ಕಾರ ಕೊಟ್ಟ ತಗಡಿನ ಮನೆಗೆ ಬಂದು ತಿಂಗಳಾಗಿತ್ತು. ಅದು ನಮ್ಮ ಬೀದಿಯಿಂದಾಚೆ, ಕಾಲುವೆ ದಾಟಿದರೆ. ಈ ಕಡೆ ಯಾರ ಪರಿಚಯವೂ ಇಲ್ಲ. ಒಳಗೆ ನಡೆದದ್ದನ್ನು ನನಗೆ ಆಮೇಲೆ ಹೊರೇಸ್ ಹೇಳಿದ. ಅವನು ಬಿಟ್ಟದ್ದನ್ನು ಮೇಬಲ್ ಸೇರಿಸಿದಳು.

"ನನ್ನ ಮಗಳು ಸ್ವಾಮಿ. ಜೀನ್. ಇಪ್ಪತ್ತೆರಡು ವರ್ಷ," ಎಂದು ಫೋಟೋ ಮೇಜಿನ ಮೇಲಿಟ್ಟಳು. "ಒಬ್ಬ ಬಡಗಿಯನ್ನ ಮದುವೆ ಆಗ್ತೀನಿ ಅಂದ್ಲು. ಅವನ ಹಿಂದೆ ಹೋದ್ರೆ ನಿನ್ನ ಮುಖ ನೋಡಲ್ಲ ಅಂದೆ. ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಶುಕ್ರವಾರ ಪೆಟ್ಟಿಗೆ ತಗೊಂಡು ಹೋದೋಳು ಬಂದಿಲ್ಲ."

ಇಲ್ಲಿಯಾದರೂ ಹೊರೇಸ್ ಬಾಯಿ ಬಿಡಬೇಕಿತ್ತು. ಬಿಡಲು ಹೊರಟಿದ್ದನಂತೆ. ಅಷ್ಟರಲ್ಲಿ ಅವಳು, "ಇಲ್ಲಿ ಬಂದ್ಮೇಲೆ ಸ್ವಲ್ಪ ಧೈರ್ಯ ಬಂತು, ಇನ್ಸ್‌ಪೆಕ್ಟರೇ" ಎಂದಳು. ಹುಟ್ಟಿದಾರಭ್ಯ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ.

"ನೀವು ಮನೆ ಬಿಟ್ಟು ಎಲ್ಲೂ ಹೋಗಬೇಡಿ. ನಮ್ಮೋರು ಬರ್ತಾರೆ," ಎಂದ ಹೊರೇಸ್.

ಹೊರಬಂದವಳು ಬೆಂಕಿಪೊಟ್ಟಣಕ್ಕೆಂದು ನನ್ನ ಅಂಗಡಿಗೆ ಬಂದಳು. ಮಿಸೆಸ್ ಟ್ರಸ್ಲರ್ ಅಲ್ಲೇ ನಿಂತಿದ್ದಳು.

"ಎದುರಿಗಿನ ಇನ್ಸ್‌ಪೆಕ್ಟರ್ ಹೇಗೆ ಸ್ವಾಮಿ? ಒಳ್ಳೇವ್ರಾ?"

"ಅವರಷ್ಟು ಎತ್ತರದ ಅಧಿಕಾರಿ ಲಂಡನ್ನಲ್ಲೇ ಇಲ್ಲ ಕಣಮ್ಮ," ಎಂದೆ.

ಮಿಸೆಸ್ ಟ್ರಸ್ಲರ್ ಕೈಗವಸಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮಿಸೆಸ್ ಕಾಪಿಂಗ್ ನಗಲಿಲ್ಲ. "ಒಳ್ಳೇದಾಯ್ತು" ಎಂದು ನನಗೆ ಕೃತಜ್ಞತೆ ಹೇಳಿ ಮಳೆಯಲ್ಲಿ ಹೋದಳು. ನನ್ನ ಜೀವಮಾನದಲ್ಲಿ ಎಷ್ಟೋ ಹಾಸ್ಯ ಮಾಡಿದ್ದೇನೆ. ಬಹುಪಾಲು ಮರೆತಿದ್ದೇನೆ. ಇದೊಂದು ಮರೆಯುತ್ತಿಲ್ಲ.

"ಆ ತಾಯಿಗೆ ನಿಜ ಹೇಳು ಹೋಗು," ಎಂದು ಮೇಬಲ್ ಅಂದೇ ಹೇಳಿದಳು.

"ಹುಡುಗಿ ಸಿಕ್ಕಿದ ಮೇಲೆ ಹೇಳ್ತೀನಿ. ಎರಡೂ ಒಟ್ಟಿಗೆ."

ಹೊರೇಸ್ ಸುಮ್ಮನೆ ಕೂರಲಿಲ್ಲ, ಅದನ್ನು ಹೇಳಲೇಬೇಕು. ಹಳೆಯ ಮಳೆಕೋಟು ತೊಟ್ಟು, ಫೋಟೋ ಹಿಡಿದು ಬಸ್ಸಿನ ಕಂಡಕ್ಟರುಗಳನ್ನು ಕೇಳಿದ, ಟೀ ಅಂಗಡಿಗಳನ್ನು ಹೊಕ್ಕ. ಮಂಗಳವಾರ ಸಂಜೆ ಹುಡುಗ ಹುಡುಗಿಯರು ನೃತ್ಯ ಮಾಡುವ ಹಾಲಿಗೆ ಹೋಗಿ, ಒಂದು ಮೂಲೆಯಲ್ಲಿ ನಿಂತು ಪ್ರತಿ ಹುಡುಗಿಯ ಮುಖವನ್ನೂ ಫೋಟೋಗೆ ಹೋಲಿಸಿ ನೋಡತೊಡಗಿದ. ಬಾಗಿಲು ಕಾಯುವ ದಾಂಡಿಗ ಬಂದು ಅವನ ಕಾಲರ್ ಹಿಡಿದ.

"ತಾತಾ, ಈ ವಯಸ್ಸಲ್ಲಿ ನಾಚ್ಕೆ ಆಗಲ್ವಾ?"

"ನಾನು ವಿಚಾರಣೆ ಮೇಲೆ ಬಂದಿದೀನಿ!"

"ಎಲ್ಲಾ ಮುದುಕ್ರೂ ಹಂಗೇ ಹೇಳೋದು," ಎಂದು ಅವನು ಹೊರೇಸನನ್ನು ಮಳೆಗೆ ಒಪ್ಪಿಸಿದ.

ಬುಧವಾರ ಜೀನ್ ಕೆಲಸ ಮಾಡುತ್ತಿದ್ದ ಟೋಪಿ ಕಾರ್ಖಾನೆಗೆ ಹೋದ. ಅವಳು ಕೆಲಸ ಬಿಟ್ಟಿದ್ದಾಳೆ ಎಂದರು. ಇದು ದೊಡ್ಡ ಸುಳಿವು ಎಂದು ಸಂತೋಷಪಟ್ಟು ಬರೆದುಕೊಂಡು ಬಂದ. ಯಾಕೆ ಬಿಟ್ಟಳು ಎಂದು ಕೇಳಲು ಮರೆತಿದ್ದ.

ಶನಿವಾರ ಬಿಸಿಲು ಬಂತು. ಸಿನಿಮಾದವರೂ ಬಂದರು. ಎರಡು ದಿನ ಬೀದಿಯಲ್ಲಿ ಜಾತ್ರೆಯಂತೆ ಜನ. ಸೋಮವಾರ ಬೆಳಿಗ್ಗೆ ಕೆಲಸಗಾರರು ಠಾಣೆಯನ್ನು ಕಳಚತೊಡಗಿದರು. ಒಂದು ವಾರ ಮನೆಯಿಂದ ಹೊರಬೀಳದೆ, ಮಾಂಸದ ಕ್ಯೂಗೂ ಹೋಗದೆ ಕಾದು ಕುಳಿತಿದ್ದ ಮಿಸೆಸ್ ಕಾಪಿಂಗ್ ತಡೆಯಲಾರದೆ ಬೀದಿಯ ಮೂಲೆ ತಿರುಗಿದ್ದು ಸರಿಯಾಗಿ ಆಗಲೇ. ಇಬ್ಬರು ಗಂಡಸರು ಪೊಲೀಸ್ ಠಾಣೆಯ ಒಂದು ಗೋಡೆಯನ್ನು ತಲೆಯ ಮೇಲೆ ಹೊತ್ತು ಲಾರಿಯ ಕಡೆ ಹೋಗುತ್ತಿದ್ದರು. ಮೂರನೆಯವನು ನೀಲಿ ದೀಪವನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ.

"ಅಯ್ಯೋ, ಹಿಡೀರಿ! ಠಾಣೇನೇ ಕದ್ಕೊಂಡು ಹೋಗ್ತಿದಾರೆ!" ಎಂದು ಅವಳು ಚೀರಿದಳು.

ಕೆಲಸಗಾರರು ಬಿದ್ದು ಬಿದ್ದು ನಕ್ಕರು. ನಾವೂ ನಕ್ಕೆವು. ನಗು ಬಂದದ್ದು ನಿಜ, ಈಗ ಇಲ್ಲವೆಂದು ಹೇಗೆ ಹೇಳಲಿ? ಪ್ಲೈವುಡ್ಡು ಹೋದ ಮೇಲೆ ಉಳಿದ ಹಳೆಯ ಇಟ್ಟಿಗೆ ಗೋಡೆಯ ಮುಂದೆ, ಅಂಗಿಯ ತೋಳು ಮಡಚಿಕೊಂಡು, ಹೊರೇಸ್ ನಿಂತಿದ್ದ.

"ಇನ್ಸ್‌ಪೆಕ್ಟರೇ, ಏನಿದು?"

"ನಾನು ಇನ್ಸ್‌ಪೆಕ್ಟರ್ ಅಲ್ಲಮ್ಮ," ಎಂದ ಹೊರೇಸ್. "ಛತ್ರಿ ಕಾರ್ಖಾನೇಲಿ ಗುಮಾಸ್ತ ಆಗಿದ್ದೆ."

 ಅವಳು ಬೈಯಲಿಲ್ಲ. "ಹಾಗಾದ್ರೆ ನಿಜವಾದ್ದು ಎಲ್ಲಿದೆ?" ಎಂದು ಮಾತ್ರ ಕೇಳಿದಳು. ಹೊರೇಸ್ ಕೋಟು ಹಾಕಿಕೊಂಡು ಅವಳ ಜೊತೆ ಹೊರಟ. ನಾನೂ ಅಂಗಡಿಗೆ ಬೀಗ ಹಾಕಿ ಹಿಂದೆ ಹೋದೆ.

ನಿಜವಾದ ಠಾಣೆಯಲ್ಲಿ ಸಾರ್ಜೆಂಟ್ ಗಡ್ಜನ್ ಎಂಬ ದಪ್ಪ ಮೀಸೆಯ ಮನುಷ್ಯ ಕುಳಿತಿದ್ದ. ಹೆಸರು ಕೇಳುತ್ತಲೇ ಕನ್ನಡಕ ತೆಗೆದ.

"ಕಾಪಿಂಗ್? ಗುರುವಾರ ಸಂಜೆ ಒಂದು ಹುಡುಗಿ ಬಂದಿದ್ಲು. ಹಸಿರು ಕೋಟು. ನಮ್ಮಮ್ಮ ನನ್ನನ್ನ ಹುಡುಕ್ಕೊಂಡು ಇಲ್ಲಿಗೆ ಬಂದಿದ್ರಾ ಅಂತ ಕೇಳಿದ್ಲು. ಪುಸ್ತಕ ಎರಡು ಸಲ ತಿರುವಿ ನೋಡಿದೆ. ಇಲ್ಲಮ್ಮ, ಯಾರೂ ಬಂದಿಲ್ಲ ಅಂದೆ."

ಸಾರ್ಜೆಂಟ್ ಗೋಡೆ ಪಕ್ಕದ ಬೆಂಚಿನ ಕಡೆ ಕೈ ತೋರಿಸಿದ.

"ಅರ್ಧ ಗಂಟೆ ಆ ಬೆಂಚಿನ ಮೇಲೆ ಕೂತಿದ್ಲು. ಬಂದಿದ್ರೆ ಮನೆಗೆ ಹೋಗಿ ಹೇಳಿ ಹೋಗೋಣ ಅಂತಿದ್ದೆ ಅಂದ್ಲು. ಆಮೇಲೆ 'ಹಾಗಿದ್ರೆ ಸರಿ' ಅಂತ ಎದ್ಲು. ಮದುವೆ ಆಗಿದೆಯಂತೆ. ಮಾರನೇ ದಿನ, ಶುಕ್ರವಾರಾನೇ ಹಡಗು ಹೊರಟುಹೋಯ್ತು, ಆಸ್ಟ್ರೇಲಿಯಾಕ್ಕೆ."

ಮಿಸೆಸ್ ಕಾಪಿಂಗ್ ಬೆಂಚಿನ ಕಡೆ ನೋಡಿದಳು. "ಆ ಕೋಟಿನ ಎರಡನೇ ಗುಂಡಿ ಬಿದ್ದುಹೋಗಿತ್ತು," ಎಂದಳು. "ಹೊಲ್ಕೊಂಡಿದ್ಲಾ?"

"ಅದನ್ನ ನಾನು ನೋಡ್ಲಿಲ್ಲ ತಾಯಿ," ಎಂದ ಸಾರ್ಜೆಂಟ್.

ಹೊರೇಸ್ ಎರಡೂ ಕೈ ಮುಂದೆ ಚಾಚಿದ. "ನನ್ನನ್ನ ಹಿಡ್ಕೊಳ್ಳಿ ಸಾರ್. ಪೊಲೀಸ್ ಅಂತ ನಟಿಸಿದೀನಿ. ಕೇಸು ಹಾಕಿ."

ಸಾರ್ಜೆಂಟ್ ವಿಷಯವನ್ನೆಲ್ಲ ಕೇಳಿದ. ಬಹಳ ಹೊತ್ತು ಮೀಸೆ ತಿರುವಿದ. "ಸಮವಸ್ತ್ರ ಹಾಕಿರ್ಲಿಲ್ಲ. ಬಾಗಿಲು ನಿಮ್ಮದು. ಕುರ್ಚಿ ನಿಮ್ಮದು, ಟೀ ನಿಮ್ಮದು. ಮನೆಗೆ ಬಂದೋರಿಗೆ ಟೀ ಕೊಟ್ಟದ್ದಕ್ಕೆ ಯಾವ ಕಾಯ್ದೆ ಹುಡುಕಲಿ? ಮನೆಗೆ ಹೋಗಿ."

ಹೊರೇಸ್ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ. ನಾನೇ ಅವುಗಳನ್ನು ಕೆಳಗಿಳಿಸಿ ಕರೆದುಕೊಂಡು ಬಂದೆ. ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಮತ್ತೆ ಪೊಲೀಸರ ಮುಂದೆ ನಿಂತಿದ್ದ. ಈ ಸಲವೂ ಅವರು ಅವನನ್ನು ತೆಗೆದುಕೊಳ್ಳಲಿಲ್ಲ.

ವಲಸೆ ಕಚೇರಿಯಿಂದ ವಿಳಾಸ ಸಿಕ್ಕಿತು. ಹೊರೇಸ್ ಪತ್ರ ಬರೆದ. ಮೊದಲನೆಯದು "ತಮ್ಮ ಮಾತೃಶ್ರೀಯವರು ದಾಖಲಿಸಿದ ದೂರಿನ ಸಂಬಂಧ" ಎಂದು ಶುರುವಾಗುತ್ತಿತ್ತು. ಮೇಬಲ್ ಅದನ್ನು ಒಲೆಗೆ ಹಾಕಿದಳು. ಎರಡನೆಯದರಲ್ಲಿ ನಡೆದದ್ದನ್ನೆಲ್ಲ, ಕಟ್ಟುಹಲ್ಲಿನಿಂದ ಹಿಡಿದು ಲಾರಿಯವರೆಗೆ, ಒಂದೂ ಬಿಡದೆ ಬರೆದ. ಮಿಸೆಸ್ ಕಾಪಿಂಗ್ ತನ್ನ ಪತ್ರವನ್ನೂ ಜೊತೆಗಿಟ್ಟಳು. ಮೂರು ತಿಂಗಳ ಮೇಲೆ ಉತ್ತರ ಬಂತು. ಅವಳು ಅದನ್ನು ತಂದು ಹೊರೇಸನ ಕೈಗೆ ಕೊಟ್ಟಳು.

"ಅಮ್ಮಾ, ಬರಲಿಲ್ಲ ಅಂದರೆ ಬರಲಿಲ್ಲ ಅನ್ನು, ನಾನು ಸಹಿಸಿಕೊಳ್ಳುತ್ತೇನೆ. ಸಿನಿಮಾದವರು ಕಟ್ಟಿದ ಠಾಣೆಯಂತೆ, ಒಳಗೆ ಛತ್ರಿ ಕಾರ್ಖಾನೆಯ ಗುಮಾಸ್ತನಂತೆ! ಚಿಕ್ಕವಳಿದ್ದಾಗ ನಾನು ಹೇಳುತ್ತಿದ್ದ ಸುಳ್ಳುಗಳಾದರೂ ಇದಕ್ಕಿಂತ ಚೆನ್ನಾಗಿದ್ದವು."

ಬೀದಿಯೆಲ್ಲ ಸೇರಿ ಯೋಚಿಸಿತು. ಎಲ್ಲರೂ ಸಹಿ ಮಾಡಿದ ಕಾಗದವೊಂದು ಹೋಯಿತು. ನನ್ನದೂ ಮಿಸೆಸ್ ಟ್ರಸ್ಲರಳದೂ ಸಹಿ ಅಕ್ಕಪಕ್ಕದಲ್ಲೇ ಇತ್ತು. "ಸುಳ್ಳಿಗೆ ಇಡೀ ಬೀದಿಯನ್ನು ಸೇರಿಸಿಕೊಂಡೆಯಾ?" ಎಂದು ಉತ್ತರ ಬಂತು. ಕೊನೆಗೆ ಸಾರ್ಜೆಂಟ್ ಗಡ್ಜನ್ ಠಾಣೆಯ ಮುದ್ರೆಯಿದ್ದ ಕಾಗದದಲ್ಲಿ ತಾನೇ ಬರೆದ. ಅದಕ್ಕೆ ಬಂದ ಉತ್ತರ ಒಂದೇ ಸಾಲು. "ಈ ಪೊಲೀಸ್ ಕಾಗದವನ್ನೂ ಸಿನಿಮಾದವರೇ ಮಾಡಿಕೊಟ್ಟರೇ?" ಆಮೇಲೆ ಹೋದ ಪತ್ರಗಳು, ವಿಳಾಸದಾರರು ಮನೆ ಬದಲಿಸಿದ್ದಾರೆ ಎಂಬ ಮುದ್ರೆ ಹೊತ್ತು ಒಂದೊಂದಾಗಿ ಹಿಂದಿರುಗಿದವು. ಸತ್ಯ ಸತ್ಯವಾಗಿದ್ದರೆ ಸಾಲದು, ನಂಬುವ ಹಾಗೂ ಇರಬೇಕು. ನಮ್ಮದು ಹಾಗಿರಲಿಲ್ಲ.

ಹೊರೇಸ್ ಭಾನುವಾರ ಭಾನುವಾರ ಕಾಲುವೆ ದಾಟಿ ಹೋಗುತ್ತಿದ್ದ. ತಗಡಿನ ಛಾವಣಿಯ ತೂತು ಮುಚ್ಚುತ್ತಿದ್ದ, ಕಲ್ಲಿದ್ದಲು ಒಳಗೆ ತಂದಿಡುತ್ತಿದ್ದ. ಮೊದಮೊದಲು ಮಿಸೆಸ್ ಕಾಪಿಂಗ್ ಬಾಗಿಲು ತೆಗೆಯುತ್ತಿರಲಿಲ್ಲ, ಅವನು ಹೊರಗಿನ ಕೆಲಸ ಮುಗಿಸಿ ಬರುತ್ತಿದ್ದ. ಚಳಿಗಾಲದಲ್ಲಿ ಬಾಗಿಲು ತೆರೆಯಿತು. ಮಾರನೇ ವಸಂತದಲ್ಲಿ ಚಿತ್ರ ಬಿಡುಗಡೆಯಾಯಿತು. ಬೀದಿಗೆ ಬೀದಿಯೇ ಹೋಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು ಬಂತು. ಪತ್ರಿಕೆಗಳೂ ಹೊಗಳಿದವು. ಪಡಿಫುಟ್ ದಂಪತಿಗಳು ಹೋಗಲಿಲ್ಲ. ಅವರ ಮನೆಯೇ ತೆರೆಯ ಮೇಲೆ ಅಷ್ಟು ದೊಡ್ಡದಾಗಿ ಕಾಣುತ್ತಿರುವಾಗ ಅವರು ಅದರೊಳಗೆ ಪರದೆ ಎಳೆದುಕೊಂಡು ಕುಳಿತಿದ್ದರು.

ಐವತ್ತೊಂದರ ನವೆಂಬರಿನಲ್ಲಿ, ಒಂದು ಶನಿವಾರ ಮಧ್ಯಾಹ್ನ, ಮೇಬಲ್ ಬಾಗಿಲಲ್ಲಿ ನಿಂತು ನನಗೆ ಕೈ ಬೀಸಿದಳು. ಹೋದೆ. ಒಳಗೆ ಮಿಸೆಸ್ ಕಾಪಿಂಗ್ ಕುಳಿತಿದ್ದಳು. ಮೇಜಿನ ಮೇಲೆ ದಪ್ಪನೆಯ ಪತ್ರ.

"ನೀವೇ ಓದಿ ಪೆಕ್ ಅವರೇ. ನಾನು ಓದಿದ್ರೆ ನಡುವೆ ನಿಂತುಹೋಗುತ್ತೆ."

ಆ ಚಿತ್ರ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜೀನ್ ಇದ್ದ ಪುಟ್ಟ ಊರಿಗೂ ಬಂದಿತ್ತು. ಗಂಡ ಹೆಂಡತಿ ನಗಲೆಂದು ಹೋಗಿದ್ದರು. ಪಿಪಿನ್ ಬೀದಿ ಕಂಡಿತು. ನನ್ನ ಅಂಗಡಿಯ ಬೋರ್ಡು ಕಂಡಿತು. ಹದಿನಾಲ್ಕನೇ ಮನೆಯ ಮೇಲೆ ನೀಲಿ ದೀಪ ಕಂಡಿತು. ಮೇಲಿನ ಕಿಟಕಿಯಲ್ಲಿ ಒಬ್ಬ ಕುಳ್ಳ ಮನುಷ್ಯ ಪರದೆ ಸರಿಸಿ ಎರಡು ಸಲ ಇಣುಕಿದ. "ಸಭೆಯೆಲ್ಲ ನಗುತ್ತಿತ್ತು ಅಮ್ಮಾ, ನಾನು ಅಳುತ್ತಿದ್ದೆ. ಇಂಥ ಚಿತ್ರಕ್ಕೆ ಯಾರಾದರೂ ಅಳುತ್ತಾರೆಯೇ ಎಂದು ಪಕ್ಕದವರು ಗದರಿದರು. ನೀನು ಬಂದಿದ್ದೆ. ನೀನು ನಿಜವಾಗಿ ಬಂದಿದ್ದೆ. ಅಂದು ನಾನು ಕೂತಿದ್ದ ನಿಜವಾದ ಠಾಣೆಯಿಂದ ನಮ್ಮ ಮನೆಗೆ ಏಳು ನಿಮಿಷದ ದಾರಿ. ನಾನೂ ನಡೆಯಲಿಲ್ಲ."

ಜೊತೆಗೆ ಒಂದು ಫೋಟೋ. ಎತ್ತರದ ಹುಲ್ಲಿನ ನಡುವೆ ಒಂದು ಗಂಡು ಮಗು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿತ್ತು. ಒಂದೂವರೆ ವರ್ಷವಂತೆ.

"ಹುಟ್ಟಿದ್ದೂ ಗೊತ್ತಾಗ್ಲಿಲ್ಲ," ಎಂದಳು ಮಿಸೆಸ್ ಕಾಪಿಂಗ್. "ಒಂದು ಟೋಪಿ ಹೆಣೆದಿಲ್ಲ, ಒಂದು ಕಾಲುಚೀಲ ಹೆಣೆದಿಲ್ಲ." ಕೈಚೀಲದಿಂದ ಉಣ್ಣೆಯ ಉಂಡೆ ತೆಗೆದು ಮೇಜಿನ ಮೇಲಿಟ್ಟಳು. "ಕಾಲುಚೀಲದಿಂದ ಶುರು ಮಾಡೋಣ ಅಂತ. ಒಂದೂವರೆ ವರ್ಷದ ಮಗೂದು ಪಾದ ಎಷ್ಟುದ್ದ ಇರುತ್ತೆ? ಜೀನಂದು ಎಷ್ಟಿತ್ತೋ, ಮರೆತೇಹೋಗಿದೆ."

ಪಡಿಫುಟ್ ದಂಪತಿಗಳಿಗೆ ಮಕ್ಕಳಿಲ್ಲ. ನಾನು ಮದುವೆಯಾದವನಲ್ಲ. ಮೇಬಲ್ ಎರಡು ಬೆರಳು ಅಗಲಿಸಿ ತೋರಿಸಿದಳು. ನಾನು ಅಷ್ಟಿರಲಾರದು ಎಂದು ಇನ್ನಷ್ಟು ಅಗಲಿಸಿದೆ. ಮಗುವಿನ ಪಾದಗಳು ಫೋಟೋದಲ್ಲಿ ಹುಲ್ಲೊಳಗೆ ಮುಚ್ಚಿಹೋಗಿದ್ದವು. ಹೊರೇಸ್ ಅಡಿಪಟ್ಟಿ ತಂದು ಫೋಟೋದ ಪಕ್ಕದಲ್ಲಿಟ್ಟ, ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ, ಅಡಿಪಟ್ಟಿಯನ್ನು ತೆಗೆದ. ನಾವೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದೆವು.

"ಗೊತ್ತಿಲ್ಲಮ್ಮ," ಎಂದ ಹೊರೇಸ್. "ನಂಗೆ ಗೊತ್ತಿಲ್ಲ."

ಮಿಸೆಸ್ ಕಾಪಿಂಗ್ ತಲೆಯಾಡಿಸಿ, ಉಣ್ಣೆಯ ತುದಿ ಹುಡುಕಿ ತೆಗೆದು, ಮೂರು ಅಳತೆಯಲ್ಲಿ ಹೆಣೆದು ಕಳಿಸುತ್ತೇನೆ, ಯಾವುದಾದರೊಂದು ಆದೀತು ಎಂದಳು.